ಮೋಸಹೋದವಳ ಮುಂಜಾನೆ

ಕಾದಂಬರಿ ಕೈಗೆ ಸಿಕ್ಕಿದರೆ ನಾನು ಮೊದಲು ತೆಗೆಯುವುದು ಕೊನೆಯ ಪುಟ. ಕೆಟ್ಟ ಅಭ್ಯಾಸವೆಂದು ನನಗೂ ಗೊತ್ತು. ಇದು ಊಟಕ್ಕೆ ಮುಂಚೆ ಎಲೆಯಡಿಕೆ ಹಾಕಿಕೊಂಡ ಹಾಗೆ ಎಂದು ನಮ್ಮ ಯಜಮಾನರು ಆಡಿಕೊಳ್ಳುತ್ತಲೇ ಇರುತ್ತಾರೆ. ಮೊನ್ನೆ ವಿಜಯನಗರದ ಒಂದು ಪುಸ್ತಕದಂಗಡಿಯಲ್ಲಿ ನಿಂತು ಹೀಗೇ ಕೊನೆಯಿಂದ ಓದುತ್ತಿದ್ದಾಗ ಅಂಗಡಿಯ ಹುಡುಗಿ, "ಆಂಟಿ, ಹಾಗೆ ಓದಿದ್ರೆ ಸಸ್ಪೆನ್ಸ್ ಹೋಗಲ್ವಾ?" ಅಂದಳು. "ಹೋಗಲಿ ಅಂತಲೇ ಓದೋದಮ್ಮ" ಅಂದೆ. ಅವಳು ನನ್ನನ್ನು ಒಂದು ಥರಾ ನೋಡಿ ಬೇರೆ ಗಿರಾಕಿಯ ಕಡೆ ತಿರುಗಿದಳು.

ಈ ಚಾಳಿ ನನಗೆ ಅಂಟಿದ್ದು ಗಿರಿಜ ಚಿಕ್ಕಮ್ಮನಿಂದ. ಅಮ್ಮನ ಕೊನೆಯ ತಂಗಿ. ದಾವಣಗೆರೆ ಕಡೆಯಿಂದ ಬಂದು ರಾಜಾಜಿನಗರದ ಬಾಡಿಗೆ ಮನೆಯಲ್ಲಿ ನೆಲೆ ನಿಂತಿದ್ದ ನಮ್ಮ ಸಂಸಾರಕ್ಕೆ ಅವಳು "ಸ್ವಲ್ಪ ದಿನ ಇದ್ದು ಹೋಗ್ತೀನಿ" ಅಂತ ಬಂದವಳು, ಹೋಗಲೇ ಇಲ್ಲ. ಎಸ್ಸೆಸ್ಸೆಲ್ಸಿ ಪಾಸು. ಮನೆಯ ಹತ್ತಿರದ ಕೈಗಾರಿಕಾ ಬಡಾವಣೆಯಲ್ಲಿ ರೇಡಿಯೋ ಭಾಗಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸ ಹುಡುಕಿಕೊಂಡಳು. ಕೂದಲೆಳೆಯಂಥ ತಾಮ್ರದ ತಂತಿಯನ್ನು ಪುಟ್ಟ ಪುಟ್ಟ ಕಾಯಿಲ್‌ಗಳಿಗೆ ಸುತ್ತುವ ಕೆಲಸ. ಆ ವಿಭಾಗದಲ್ಲಿ ಇದ್ದವರೆಲ್ಲ ಹೆಂಗಸರೇ. ಗಂಡಸರ ಬೆರಳಿಗೆ ಅಷ್ಟು ತಾಳ್ಮೆ ಇಲ್ಲ ಅಂತ ಮ್ಯಾನೇಜರೇ ಹೇಳಿದ್ದರಂತೆ.

ಚಿಕ್ಕಮ್ಮನಿಗೆ ಇದ್ದ ಒಂದೇ ಚಟ ಕಾದಂಬರಿ. ಅವಳು ಕೊನೆಯ ಪುಟ ಮೊದಲು ಓದುವುದಕ್ಕೆ ಕಾರಣ ಕೊಡುತ್ತಿದ್ದಳು: "ಮೋಸ ಮಾಡಿದೋನಿಗೆ ಕೊನೇಗೆ ಏನಾಗತ್ತೆ ಅಂತ ನೋಡ್ಕೊಂಬಿಡ್ತೀನಿ ಕಣೇ. ನಮ್ಮನ್ನ ಅಳಿಸಿ ಅಳಿಸಿ, ಕೊನೇಲಿ ಅವನನ್ನೇ ದೇವರು ಮಾಡೋದಾದ್ರೆ ನಾನ್ಯಾಕೆ ಕರೆಂಟು ಸುಡಬೇಕು?"

ಪುಸ್ತಕ ಬರುತ್ತಿದ್ದದ್ದು ನಮ್ಮ ಬೀದಿಯ ಕೊನೆಯಲ್ಲಿದ್ದ ಶಾಮಣ್ಣನ ಲೈಬ್ರರಿಯಿಂದ. ಲೈಬ್ರರಿ ಅಂದರೆ ಒಂದೇ ಕೋಣೆ. ಪಕ್ಕದಲ್ಲಿ ಹಿಟ್ಟಿನ ಗಿರಣಿ ಇದ್ದದ್ದರಿಂದ ಅಲ್ಲಿನ ಸಾಹಿತ್ಯದ ಮೇಲೆಲ್ಲ ತೆಳ್ಳಗೆ ರಾಗಿಹಿಟ್ಟು ಕೂತಿರುತ್ತಿತ್ತು. ಎಂಥ ವಿರಹದ ಕಾದಂಬರಿ ತೆರೆದರೂ ಒಂದು ಸೀನು ಬಂದೇ ಬರುತ್ತಿತ್ತು. ಓದುಗರು ಅಂಚಿನಲ್ಲಿ ಪೆನ್ಸಿಲಿನಿಂದ ಅಭಿಪ್ರಾಯ ಬರೆಯುತ್ತಿದ್ದರು. ಖಳನಾಯಕ ಬರುವ ಪುಟಗಳಲ್ಲಿ "ಇವನಿಗೆ ಒದೆ ಬೀಳಬೇಕು" ಅಂತ ಒಬ್ಬರು ಬರೆದರೆ, ಕೆಳಗೆ ಇನ್ನೊಬ್ಬರು "ಬೀಳುತ್ತೆ, ಮುಂದೆ ಓದಿ" ಅಂತ ಧೈರ್ಯ ಹೇಳಿರುತ್ತಿದ್ದರು. ನಾನು ವಿಮರ್ಶೆ ಅಂತ ಮೊದಲು ಓದಿದ್ದು ಇದನ್ನೇ.

ಚಿಕ್ಕಮ್ಮನೂ ಅವಳ ಗೆಳತಿ ಜಯಮ್ಮನೂ ಸೇರಿ ಒಂದೇ ಸದಸ್ಯತ್ವ ಮಾಡಿಸಿದ್ದರು. ಒಂದು ಸಲಕ್ಕೆ ಎರಡು ಪುಸ್ತಕ. ಅವಳೊಂದು, ಇವಳೊಂದು, ಆಮೇಲೆ ಅದಲು ಬದಲು. ಜಯಮ್ಮ, ನನಗೆ ಜಯಕ್ಕ, ಲಗ್ಗೆರೆಯವಳು. ಲಗ್ಗೆರೆ ಆಗ ಹೊಲಗಳ ನಡುವೆ ಇದ್ದ ಹಳ್ಳಿ. ಅಲ್ಲಿಂದ ನಡೆದು ಬಂದು ಚಿಕ್ಕಮ್ಮನ ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದಳು. ಚಿಕ್ಕಮ್ಮ ಖಾಯಂ ಆದವಳು, ಜಯಕ್ಕ ಇನ್ನೂ ಟೆಂಪೊರರಿ. ಅವಳಿಗೆ ತಂದೆ ಇಲ್ಲ, ಮನೆಯಲ್ಲಿ ತಾಯಿ, ಮದುವೆಯಾಗಬೇಕಾದ ತಂಗಿಯರು. ಸಂಜೆ ಕೆಲಸ ಬಿಟ್ಟಮೇಲೆ ಇಬ್ಬರೂ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಕಾದಂಬರಿಯ ಪಾತ್ರಗಳನ್ನು ನೆಂಟರ ಹಾಗೆ ಬೈಯುತ್ತಿದ್ದರು.

ನಾನು ಆಗ ಬಿ.ಎ. ಎರಡನೇ ವರ್ಷದಲ್ಲಿದ್ದೆ. ನಮ್ಮ ಕನ್ನಡ ಮೇಡಂ ಭಾನುವಾರಗಳಂದು ಒಂದು ಶಾಲೆಯ ಕೋಣೆಯಲ್ಲಿ ಓದುಗರ ಕೂಟ ನಡೆಸುತ್ತಿದ್ದರು. ಆ ತಿಂಗಳು ಮಾತಾಡುವ ಸರದಿ ನನ್ನದು. ವಿಷಯ: ಎರಡು ಕಾದಂಬರಿಗಳಲ್ಲಿ ದ್ರೋಹ ಮತ್ತು ಪ್ರಾಯಶ್ಚಿತ್ತ. ಆ ಕಾದಂಬರಿಗಳ ಹೆಸರು ಹೇಳಿ ಪ್ರಯೋಜನವಿಲ್ಲ. ಬರೆದವರು ಹೆಸರಾದವರಲ್ಲ, ಪುಸ್ತಕಗಳೂ ಈಗ ಎಲ್ಲೂ ಸಿಗುವುದಿಲ್ಲ. ಒಂದು ದಪ್ಪಗಿತ್ತು, ಇನ್ನೊಂದು ತೆಳ್ಳಗಿತ್ತು. ದಪ್ಪದ್ದರಲ್ಲಿ ರೇಷ್ಮೆ ವ್ಯಾಪಾರದ ಇಬ್ಬರು ಗೆಳೆಯರು. ಒಬ್ಬ ಇನ್ನೊಬ್ಬನ ವಿರುದ್ಧ ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿ ಜೈಲಿಗೆ ಕಳಿಸುತ್ತಾನೆ. ಆಮೇಲೆ ಪಶ್ಚಾತ್ತಾಪವಾಗಿ ಊರೂರು ಅಲೆದು, ರೋಗಿಗಳ ಸೇವೆ ಮಾಡಿ, ನರೆತ ಗಡ್ಡದೊಂದಿಗೆ ಬಂದು ಗೆಳೆಯನ ಪಾದದ ಮೇಲೆ ಬೀಳುತ್ತಾನೆ. ಗೆಳೆಯ ಎತ್ತಿ ಅಪ್ಪಿಕೊಳ್ಳುತ್ತಾನೆ. ನಾನು ಅದನ್ನು ಓದಿ ಅತ್ತಿದ್ದೆ. ತೆಳ್ಳಗಿನದು ಇಬ್ಬರು ಟೀಚರುಗಳ ಕಥೆ. ಒಬ್ಬಳು ಹೆಡ್‌ಮಿಸ್ಟ್ರೆಸ್ ಆಗುವ ಆಸೆಗೆ ಇನ್ನೊಬ್ಬಳ ಶೀಲದ ಮೇಲೆ ಸುಳ್ಳು ಹಬ್ಬಿಸಿ ಊರು ಬಿಡಿಸುತ್ತಾಳೆ. ವರ್ಷಗಳಾದ ಮೇಲೆ ಅದೇ ಊರಿನ ಸಭೆಯಲ್ಲಿ ಎದ್ದು ನಿಂತು ತಾನು ಹೇಳಿದ್ದು ಸುಳ್ಳು ಅನ್ನುತ್ತಾಳೆ, ಕೆಲಸ ಕಳೆದುಕೊಳ್ಳುತ್ತಾಳೆ. ಸುದ್ದಿ ತಿಳಿದು ಬಂದ ಆ ಇನ್ನೊಬ್ಬಳು ಒಂದು ಮಾತೂ ಆಡದೆ ಬಸ್ಸು ಹತ್ತಿ ಹೋಗುತ್ತಾಳೆ. ಕಥೆ ಅಷ್ಟೇ ಅಂತ ಮೇಡಂ ಹೇಳಿದ್ದರು. ನಾನು ಅದನ್ನು ಇನ್ನೂ ಓದಿರಲಿಲ್ಲ. ದಪ್ಪದ್ದು ಚಿಕ್ಕಮ್ಮನ ಹತ್ತಿರ ಇತ್ತು, ತೆಳ್ಳಗಿನದು ಜಯಕ್ಕನ ಹತ್ತಿರ.

ಓದದೆ ಇದ್ದರೂ ನಾನು ಭಾಷಣದ ಮೊದಲ ಪುಟ ಬರೆದು ಮುಗಿಸಿದ್ದೆ. "ಮಾನವನ ಅಂತರಂಗದ ತುಮುಲಗಳು" ಅಂತ ಶುರುವಾಗುತ್ತಿತ್ತು. ಚಿಕ್ಕಮ್ಮನಿಗೆ ಓದಿ ಹೇಳಿದೆ. "ತುಮುಲ ಅಂದ್ರೇನೇ? ಹೊಟ್ಟೆನೋವಾ?" ಅಂದಳು.

ಅದೇ ವಾರ ಒಂದು ಸಂಜೆ ಚಿಕ್ಕಮ್ಮ ಕೆಲಸದಿಂದ ಒಬ್ಬಳೇ ಬಂದಳು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ನನ್ನನ್ನ ಸಸ್ಪೆಂಡ್ ಮಾಡಿದಾರೆ" ಅಂದಳು.

ಅಮ್ಮ ಸೌಟು ಕೆಳಗಿಟ್ಟಳು. "ಏನ್ ಮಾಡಿದ್ಯೇ?"

"ಮಾಡೋಕ್ಕೆ ಮುಂಚೇನೇ ಸಿಕ್ಕಿಬಿದ್ದೆ."

ವಿಷಯ ಇದು. ಅವರ ವಿಭಾಗದ ರುಕ್ಮಿಣಿ ಎಂಬವಳು ಬಸುರಿ. ಕಾಯಿಲ್ ತುಂಬಿದ ಟ್ರೇಗಳನ್ನು ಹೊತ್ತು ಮೆಟ್ಟಿಲು ಹತ್ತುವುದು ಕಷ್ಟ, ಕೂತು ಮಾಡುವ ಕೆಲಸ ಕೊಡಿ ಅಂತ ಕೇಳಿದ್ದಕ್ಕೆ ಸೂಪರ್‌ವೈಸರು ನಾಳೆಯಿಂದ ಬರಬೇಡ ಅಂದುಬಿಟ್ಟರಂತೆ. ಚಿಕ್ಕಮ್ಮ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಮಾತಾಡಿಸಿ ಒಪ್ಪಿಸಿದ್ದಳು: ಒಂದು ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಯಾರೂ ಮೆಷಿನ್ ಮುಟ್ಟುವುದಿಲ್ಲ, ಕೈಕಟ್ಟಿ ಕೂರುವುದು, ರುಕ್ಮಿಣಿಯನ್ನು ವಾಪಸ್ ಕರೆಸಿ ಅಂತ ಕೇಳುವುದು. ಅದರ ಹಿಂದಿನ ದಿನವೇ ಅವಳನ್ನು ಆಫೀಸಿಗೆ ಕರೆದರು. ಕೆಲಸ ನಿಲ್ಲಿಸದಿದ್ದರೆ ಹೊಡೆಸ್ತೀನಿ ಅಂತ ಗಿರಿಜ ಎಲ್ಲರನ್ನೂ ಹೆದರಿಸಿದ್ದಾಳೆ ಎಂಬ ಒಂದು ಹೇಳಿಕೆ ಮೇಜಿನ ಮೇಲೆ ಇತ್ತು. ಕೆಳಗೆ ಜಯಮ್ಮನ ಸಹಿ. ವಿಚಾರಣೆ ಆಗುವ ತನಕ ಕೆಲಸಕ್ಕೆ ಬರಕೂಡದು ಅಂತ ಹುಕುಂ.

"ಜಯಾನಾ?" ಅಂದಳು ಅಮ್ಮ. ಅಮ್ಮ ಜಯಕ್ಕನಿಗೆ ಎಷ್ಟು ಸಲ ರೊಟ್ಟಿ ಬಡಿದು ಬಡಿಸಿದ್ದಳೋ.

"ಹೂಂ" ಅಂದಳು ಚಿಕ್ಕಮ್ಮ. ಆಮೇಲೆ ಊಟಕ್ಕೆ ಕೂತಳು. ಅವಳು ಅಳುತ್ತಾಳೆ ಅಂತ ನಾನು ಕಾದೆ. ಅನ್ನಕ್ಕೆ ಮಜ್ಜಿಗೆ ಕಲೆಸಿಕೊಂಡು, ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡು ಉಂಡಳು.

ಮರುದಿನ ಬೆಳಗ್ಗೆ ಎಂದಿನ ಹೊತ್ತಿಗೆ ಎದ್ದಳು. ಸ್ನಾನ ಮಾಡಿ, ವಿಭೂತಿ ಇಟ್ಟು, ಕಾರ್ಖಾನೆಯ ನೀಲಿ ಸೀರೆ ಉಟ್ಟು, ಡಬ್ಬಿಗೆ ಊಟ ತುಂಬಿಕೊಂಡಳು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ?"

"ಕೆಲಸಕ್ಕೆ."

"ಒಳಗೆ ಬಿಡ್ತಾರಾ?"

"ಬಿಡಲ್ಲ. ಗೇಟಿನವರೆಗೆ ಹೋಗೋಕೆ ಯಾರ ಅಪ್ಪಣೆ ಬೇಕು?"

ನನ್ನ ಕಾಲೇಜಿನ ಬಸ್ಸೂ ಆ ಕಡೆಯಿಂದಲೇ ಹೊರಡುತ್ತಿತ್ತು. ಅವಳ ಜೊತೆ ಹೋದೆ. ಗೇಟಿನ ಎದುರು, ರಸ್ತೆಯ ಈಚೆಗೆ, ಒಂದು ಹೊಂಗೆ ಮರ. ಅದರ ಕೆಳಗೆ ಡಬ್ಬಿ ಹಿಡಿದುಕೊಂಡು ನಿಂತಳು. ಕೂಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಹೆಂಗಸರು ಗುಂಪು ಗುಂಪಾಗಿ ಬಂದರು, ಇವಳನ್ನು ನೋಡಿ ತಲೆ ತಗ್ಗಿಸಿ ಒಳಗೆ ಹೋದರು. ಸೈರನ್ ಆದಮೇಲೆ ಮನೆಗೆ ಬಂದು, ಅಮ್ಮನಿಗೆ ಬಟ್ಟೆ ಒಗೆದುಕೊಡಲು ಕೂತಳು. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ. ಬೀದಿಯಲ್ಲಿ ಜನ ಮಾತಾಡಿಕೊಂಡರು. ಎದುರುಮನೆಯವರು "ಗಿರಿಜಮ್ಮನೋರಿಗೆ ತಲೆ ಸರಿ ಇದೆಯಾ?" ಅಂತ ನನ್ನನ್ನೇ ಕೇಳಿದರು. ಅಪ್ಪ ಸರ್ಕಾರಿ ನೌಕರರು, ಗಲಾಟೆ ಅಂದರೆ ಅಂಜುವವರು. "ಇದರಿಂದ ಏನಮ್ಮ ಆಗುತ್ತೆ?" ಅಂತ ಒಂದು ದಿನ ಮೆಲ್ಲಗೆ ಕೇಳಿದರು.

"ಏನೂ ಆಗದೆ ಇರಬಹುದು ಭಾವ" ಅಂದಳು. "ಆದ್ರೆ ಅವರು ದಿನಾ ನನ್ನ ಮುಖ ನೋಡಿ ಒಳಗೆ ಹೋಗಬೇಕು. ನಾನು ಮನೇಲಿ ಕೂತ್ರೆ ನಾನು ಹೊಡೆಸ್ತೀನಿ ಅಂದಿದ್ದೆ ಅನ್ನೋದು ನಿಜ ಆಗ್ಬಿಡತ್ತೆ."

ಕೆಲವು ದಿನಗಳಲ್ಲಿ ಹೆಂಗಸರ ತಲೆ ಮೇಲೆದ್ದಿತು. ಮೊದಲು ಒಬ್ಬಳು ನಕ್ಕಳು. ಆಮೇಲೆ ಇನ್ನೊಬ್ಬಳು ರಸ್ತೆ ದಾಟಿ ಬಂದು ಒಂದು ಮೊಳ ಕನಕಾಂಬರ ಕೈಗೆ ಕೊಟ್ಟು ಓಡಿದಳು. ಜಯಕ್ಕ ಮಾತ್ರ ಗುಂಪಿನ ಆಚೆ ಬದಿಯಲ್ಲಿ, ಗೋಡೆಗೆ ಒತ್ತಿಕೊಂಡ ಹಾಗೆ ಹೋಗುತ್ತಿದ್ದಳು. ಚಿಕ್ಕಮ್ಮ ಅವಳನ್ನು ಎಲ್ಲರನ್ನೂ ನೋಡುವ ಹಾಗೇ ನೋಡುತ್ತಿದ್ದಳು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಇಷ್ಟರ ನಡುವೆ ನನಗೆ ನನ್ನ ಭಾಷಣದ ಚಿಂತೆ. ತೆಳ್ಳಗಿನ ಕಾದಂಬರಿ ಜಯಕ್ಕನ ಮನೆಯಲ್ಲಿ ಇದೆಯಲ್ಲ. ಹೇಳಲೋ ಬೇಡವೋ ಅಂತ ಹಿಂದೆಮುಂದೆ ನೋಡಿ, ಕೊನೆಗೆ ಹೇಳಿದೆ. "ಹೋಗಿ ಇಸ್ಕೊಂಡ್ ಬಾ" ಅಂದಳು ಚಿಕ್ಕಮ್ಮ. "ಪುಸ್ತಕ ಏನ್ ಮಾಡಿದೆ?"

ಲಗ್ಗೆರೆಗೆ ಹೊಲದ ದಾರಿಯಲ್ಲಿ ನಡೆದು ಹೋದೆ. ದಾರಿಯುದ್ದಕ್ಕೂ ಜಯಕ್ಕನಿಗೆ ಏನೇನು ಅನ್ನಬೇಕು ಅಂತ ಜೋಡಿಸಿಕೊಂಡಿದ್ದೆ. ದ್ರೋಹ, ವಿಶ್ವಾಸಘಾತ ಇತ್ಯಾದಿ ಒಳ್ಳೊಳ್ಳೆ ಪದಗಳಿದ್ದವು. ಜಗಲಿಯ ಮೇಲೆ ಅವಳ ತಾಯಿ ಅವರೆಕಾಯಿ ಸುಲಿಯುತ್ತಿದ್ದರು. "ಬಾವ್ವ, ಕೂತ್ಕೊ. ಗಿರಿಜವ್ವ ಯಾಕೋ ಈ ಕಡೀಕೆ ಬರ್ಲೇ ಇಲ್ಲ" ಅಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ನಾನು ಕೂತು ಅವರ ಜೊತೆ ನಾಲ್ಕು ಅವರೆಕಾಯಿ ಸುಲಿದೆ.

ಜಯಕ್ಕ ಪುಸ್ತಕ ತಂದು ಕೊಟ್ಟು, ಊರಾಚೆವರೆಗೆ ನನ್ನ ಜೊತೆ ಬಂದಳು. ಕಣ್ಣು ಗುಳಿಬಿದ್ದಿತ್ತು.

"ಇದನ್ನ ಅರ್ಧಕ್ಕೆ ನಿಲ್ಲಿಸಿಬಿಟ್ಟೆ ಶೈಲಾ, ಓದೋಕ್ಕಾಗ್ಲಿಲ್ಲ" ಅಂದಳು.

"ಯಾಕೆ ಹಾಗೆ ಮಾಡಿದ್ರಿ ಜಯಕ್ಕ?" ನನ್ನ ಬಾಯಿಂದ ಬಂದದ್ದು ಅಷ್ಟೇ.

"ಖಾಯಂ ಮಾಡ್ತೀವಿ ಅಂದ್ರು. ಅವರೇ ಬರೆದು ಇಟ್ಕೊಂಡಿದ್ರು, ಸೈನ್ ಹಾಕು ಅಂದ್ರು. ಓದದೆ ಹಾಕ್ದೆ ಅಂತ ನಿನಗೆ ಹೇಳಬಹುದು. ಹಾಗಲ್ಲ. ಓದಿದೆ. ಓದೇ ಹಾಕಿದೆ."

ಮುಂದಿನ ಭಾನುವಾರ ಅವಳೇ ನಮ್ಮ ಮನೆಗೆ ಬಂದಳು. ಚಿಕ್ಕಮ್ಮ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಜಯಕ್ಕ ಒಳಗೆ ಬಂದವಳೇ ಅವಳ ಎರಡೂ ಕಾಲು ಹಿಡಿದುಕೊಂಡು ಅಳತೊಡಗಿದಳು. ದಪ್ಪ ಕಾದಂಬರಿಯ ಕೊನೆಯ ಪುಟವೇ ನಮ್ಮ ಮನೆಗೆ ಬಂದ ಹಾಗಿತ್ತು. ಈಗ ಚಿಕ್ಕಮ್ಮ ಎತ್ತಿ ಅಪ್ಪಿಕೊಳ್ಳುತ್ತಾಳೆ ಅಂತ ನಾನೂ ಅಳಲು ಸಿದ್ಧಳಾದೆ. ಅಮ್ಮ ಆಗಲೇ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಳು.

ಚಿಕ್ಕಮ್ಮ ಮೊರ ಪಕ್ಕಕ್ಕಿಟ್ಟಳು. "ಕಾಲು ಬಿಡು ಜಯ. ಎದ್ದು ಕೂತ್ಕೊ."

"ನೀನು ಕ್ಷಮಿಸ್ತೀನಿ ಅನ್ನೋವರೆಗೂ ಬಿಡಲ್ಲ."

"ನಾನು ಕ್ಷಮಿಸಿದ್ರೆ ನೀನು ಮನೆಗೆ ಹೋಗಿ ನಿದ್ದೆ ಮಾಡ್ತೀಯ. ನಾನು ನಾಳೆ ಬೆಳಗ್ಗೆ ಎದ್ದು ಮತ್ತೆ ಗೇಟಿಗೆ ಹೋಗಬೇಕು. ರುಕ್ಮಿಣಿ ಮನೇಲೇ ಇರಬೇಕು. ವಿಚಾರಣೆ ದಿನ ಬಂದು ನಡೆದದ್ದನ್ನ ಹೇಳು."

ಜಯಕ್ಕ ಕಾಲು ಬಿಟ್ಟಳು. ಆಮೇಲೆ, "ನನ್ನ ಕೆಲಸ ಹೋಗತ್ತೆ ಗಿರಿಜ" ಅಂದಳು.

"ಹೋಗಬಹುದು. ಹೋಗಲ್ಲ ಅಂತ ನಾನು ಸುಳ್ಳು ಹೇಳಲ್ಲ."

ಜಯಕ್ಕ ಕಾಫಿಯನ್ನೂ ಕುಡಿಯದೆ ಎದ್ದು ಹೋದಳು. ಅಮ್ಮನಿಗೆ ಸಿಟ್ಟು ಬಂತು. "ಎಷ್ಟು ಕಲ್ಲು ಮನಸ್ಸೇ ನಿಂದು. ಕಾಲಿಗೆ ಬಿದ್ದೋಳನ್ನ ಹಾಗೆ ಕಳಿಸ್ತಾರಾ?" ಚಿಕ್ಕಮ್ಮ ಮೊರವನ್ನು ಮತ್ತೆ ಹತ್ತಿರಕ್ಕೆಳೆದುಕೊಂಡಳು. ಸ್ವಲ್ಪ ಹೊತ್ತು ಒಂದೇ ಕಡೆಯ ಅಕ್ಕಿಯನ್ನು ಸುಮ್ಮನೆ ಆಡಿಸುತ್ತಿದ್ದಳು.

ಅವತ್ತು ಸಂಜೆ ತಾರಸಿಯ ಮೇಲೆ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ನಾನು ನನ್ನ ತುಲನೆಯನ್ನು ಮುಂದಿಟ್ಟೆ. ಅಷ್ಟರಲ್ಲಿ ಎರಡೂ ಓದಿ ಮುಗಿಸಿದ್ದೆ. ದಪ್ಪ ಕಾದಂಬರಿಯಲ್ಲಿ ತಪ್ಪು ಮಾಡಿದವನು ತನ್ನನ್ನು ತಾನೇ ದಂಡಿಸಿಕೊಂಡು ಶುದ್ಧನಾಗುತ್ತಾನೆ. ತೆಳ್ಳಗಿನದರಲ್ಲಿ ತಪ್ಪು ಮಾಡಿದವಳು ತಪ್ಪನ್ನು ಸರಿಪಡಿಸುತ್ತಾಳೆ, ಆದರೆ ಅವಳಿಗೆ ಕ್ಷಮೆ ಸಿಗುವುದಿಲ್ಲ. ಹೃದಯವಂತಿಕೆಯಲ್ಲಿ ದಪ್ಪದ್ದೇ ಮೇಲು, ಅಲ್ಲವಾ ಅಂತ ಕೇಳಿದೆ.

"ಅವನು ಅಷ್ಟು ವರ್ಷ ಊರೂರು ಸುತ್ತಿ ಕಂಡೋರ ಸೇವೆ ಮಾಡಿದ್ನಲ್ಲ" ಅಂದಳು, "ಮೊದಲನೇ ದಿನವೇ ಕೋರ್ಟಿಗೆ ಹೋಗಿ ನಾನು ಹೇಳಿದ್ದು ಸುಳ್ಳು ಅಂದಿದ್ರೆ ಗೆಳೆಯ ಜೈಲಿಂದ ಬರ್ತಿದ್ದ. ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ."

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. "ಹಾಗಾದ್ರೆ ತೆಳ್ಳಗಿನದೇ ಸರಿ ಅನ್ನು."

"ಅದು ಪರವಾಗಿಲ್ಲ. ಆದ್ರೆ ಎರಡರಲ್ಲೂ ಮೋಸ ಮಾಡಿದೋರ ಸಂಕಟಾನೇ ಬರೆದಿದಾರೆ ಕಣೇ. ಅವರು ಅತ್ತಿದ್ದು, ನಿದ್ದೆಗೆಟ್ಟಿದ್ದು, ಎಲ್ಲ ಇದೆ. ಮೋಸಹೋದೋಳು ಮಾರನೇ ದಿನ ಬೆಳಗ್ಗೆ ಎದ್ದು ಏನ್ ಮಾಡಿದ್ಲು? ಮುಖ ಹೇಗೆ ತೊಳ್ಕೊಂಡ್ಲು? ಒಂದು ಪುಟ ಇಲ್ಲ. ಕೊನೇಲಿ ಬರ್ತಾಳೆ, ಕ್ಷಮಿಸೋಕೋ ಬಸ್ಸು ಹತ್ತೋಕೋ."

ಹಾಗೆ ಹೇಳಿ ಜಡೆ ಹೆಣೆದುಕೊಂಡಳು. ಬೆಳಗಿನ ಹೊತ್ತು ಅವಳಿಗೆ ಎಷ್ಟು ಕಷ್ಟವಾಗುತ್ತಿತ್ತು ಅಂತ ನನಗೆ ಹೊಳೆದದ್ದು ಆಗಲೇ. ಅವಳು ನೀಲಿ ಸೀರೆಯ ನೆರಿಗೆಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿದ್ದದ್ದನ್ನು ನಾನು ದಿನವೂ ನೋಡಿದ್ದೆ. ನೆರಿಗೆ ಸರಿ ಬರಲಿಲ್ಲವೇನೋ ಅಂದುಕೊಂಡಿದ್ದೆ.

ವಿಚಾರಣೆಯ ದಿನ ನಾನು ಒಳಗೆ ಇರಲಿಲ್ಲ. ಚಿಕ್ಕಮ್ಮ ಹೇಳಿದ್ದಷ್ಟು ಗೊತ್ತು. ಒಬ್ಬ ವಕೀಲರು ಮೇಜಿನ ಹಿಂದೆ ಕೂತಿದ್ದರು, ಪಕ್ಕದಲ್ಲಿ ಟೈಪಿಸ್ಟು. ಜಯಕ್ಕನನ್ನು ಕಂಪನಿಯ ಕಡೆಯ ಸಾಕ್ಷಿಯಾಗಿಯೇ ಕರೆದಿದ್ದರು. ಹೇಳಿಕೆಯನ್ನು ಅವಳ ಮುಂದೆ ಓದಿ, "ಇದು ನಿಮ್ಮ ಸಹಿಯೇ?" ಅಂದರಂತೆ.

"ಸಹಿ ನಂದೇ ಸಾರ್. ಹೇಳಿಕೆ ನಂದಲ್ಲ" ಅಂದಳಂತೆ ಜಯಕ್ಕ. "ಗಿರಿಜ ಯಾರನ್ನೂ ಹೆದರಿಸಲಿಲ್ಲ. ಕೈ ಮುಗಿದು ಕೇಳಿದ್ಲು. ನನಗೆ ಖಾಯಂ ಮಾಡ್ತೀವಿ ಅಂತ ಆಸೆ ತೋರಿಸಿದ್ರು, ಸೈನ್ ಹಾಕಿದೆ. ಇದನ್ನ ಬರ್ಕೊಳಿ." ಟೈಪಿಸ್ಟು ಯಾರ ಮುಖ ನೋಡುವುದೆಂದು ತಿಳಿಯದೆ ಸುಮ್ಮನೆ ಕೂತಾಗ, "ಬರ್ಕೊಳಿ ಸಾರ್, ಮತ್ತೆ ನಾನು ಹೇಳ್ತೀನೋ ಇಲ್ವೋ" ಅಂತ ಇನ್ನೊಮ್ಮೆ ಅಂದಳಂತೆ.

ನನ್ನ ಭಾಷಣ ಅದರ ಮುಂದಿನ ಭಾನುವಾರ. ಅಂತರಂಗದ ತುಮುಲಗಳ ಪುಟ ಹರಿದು ಹಾಕಿ, ಚಿಕ್ಕಮ್ಮ ತಾರಸಿಯ ಮೇಲೆ ಹೇಳಿದ್ದನ್ನೇ ನನ್ನ ಮಾತಿನಲ್ಲಿ ಹೇಳಿದೆ. ನೀರು ಕುಡಿಯಲು ಹೋಗಿ ಮೇಡಂ ಸೀರೆಯ ಮೇಲೆ ಚೆಲ್ಲಿದೆ. ಮುಗಿದ ಮೇಲೆ ಹಿರಿಯರೊಬ್ಬರು ಎದ್ದು, "ಮಗೂ, ಕ್ಷಮೆ ಇಲ್ಲದ ಸಾಹಿತ್ಯದಿಂದ ಸಮಾಜಕ್ಕೆ ಏನು ಸಂದೇಶ?" ಅಂತ ಕೇಳಿದರು. "ಇನ್ನೂ ಗೊತ್ತಾಗಿಲ್ಲ ಸಾರ್" ಅಂದು ಕೂತೆ. ಮೇಡಂ ಮಾತ್ರ ಒದ್ದೆ ಸೆರಗು ಹಿಂಡಿಕೊಳ್ಳುತ್ತಾ ನಕ್ಕರು.

ಸ್ವಲ್ಪ ದಿನದಲ್ಲಿ ಚಿಕ್ಕಮ್ಮನನ್ನು ಕೆಲಸಕ್ಕೆ ವಾಪಸ್ ತೆಗೆದುಕೊಂಡರು. ರುಕ್ಮಿಣಿಯನ್ನು ಮಾತ್ರ ಕರೆಯಲಿಲ್ಲ. ಅದೇ ವಾರ ಜಯಕ್ಕನಿಗೆ ಇನ್ನು ಬರಬೇಡ ಅಂದರು. ಟೆಂಪೊರರಿಯವಳು, ಕಾರಣ ಕೊಡಬೇಕಾಗಿರಲಿಲ್ಲ.

ಸುದ್ದಿ ತಿಳಿದ ಸಂಜೆ ಚಿಕ್ಕಮ್ಮ ಮನೆಗೆ ಬರದೆ ನೇರ ಲಗ್ಗೆರೆಗೆ ಹೋಗಿದ್ದಳು. ಕತ್ತಲಾಗುವ ಮುಂಚೆ ಬಂದು, "ನಾಳೆಯಿಂದ ಜಯ ಗೇಟಿನ ಹತ್ತಿರ ನಿಲ್ತಾಳೆ. ಸೈರನ್ ಆಗೋವರೆಗೆ ನಾನೂ ಅವಳ ಜೊತೆ ನಿಂತಿರ್ತೀನಿ, ಬೆಳಗ್ಗೆ ಬೇಗ ಡಬ್ಬಿ ಕಟ್ಟಕ್ಕಾ" ಅಂದಳು.

ಅಮ್ಮ ಅವಳನ್ನೇ ನೋಡಿದಳು. "ಹಾಗಾದ್ರೆ ಕ್ಷಮಿಸಿದ್ಯಾ?"

"ಅದು ನಾನೂ ಅವಳೂ ನಿಧಾನವಾಗಿ ನೋಡ್ಕೊಳೋ ವಿಷಯ. ಸುಳ್ಳು ಹೇಳಿದಾಗ ಕೆಲಸ ಕೊಡ್ತೀವಿ ಅಂದೋರು, ನಿಜ ಹೇಳಿದಾಗ ಕಿತ್ಕೊಂಡ್ರಲ್ಲ. ಮೊದಲು ಅದನ್ನ ಕೇಳಬೇಕು."

ಅವರಿಬ್ಬರೂ ಮೊದಲಿನ ಹಾಗೆ ಆಗಲಿಲ್ಲ ಅಂತ ಹೇಳಿಬಿಡುತ್ತೇನೆ. ಮೆಟ್ಟಿಲ ಮೇಲೆ ಕೂತು ಪಾತ್ರಗಳನ್ನು ಬೈಯುವ ಸಂಜೆಗಳು ಮತ್ತೆ ಬರಲಿಲ್ಲ. ಜಯಕ್ಕನ ತಂಗಿಯ ಮದುವೆಗೆ ಚಿಕ್ಕಮ್ಮ ಹೋಗಿ ಬಡಿಸಿದಳು, ಅಮ್ಮನಿಗೆ ಕಾಯಿಲೆಯಾದಾಗ ಜಯಕ್ಕ ಬಂದು ಅಡುಗೆ ಮಾಡಿದಳು. ಮಾತು ಕಡಿಮೆ ಇತ್ತು. ಕ್ಷಮೆ ಎಂಬ ಪದವನ್ನು ಆಮೇಲೆ ಇಬ್ಬರ ಬಾಯಲ್ಲೂ ನಾನು ಕೇಳಲಿಲ್ಲ. ಇಬ್ಬರೂ ಅದೇ ಕಾರ್ಖಾನೆಯಿಂದ ನಿವೃತ್ತರಾದರು. ಖಾಯಂ ಆಗಿಯೇ.

ಅದು ಆದದ್ದು ಹೀಗೆ. ಜಯಕ್ಕ ಗೇಟಿನ ಎದುರು ನಿಲ್ಲತೊಡಗಿ ಕೆಲವು ವಾರಗಳಾಗಿತ್ತು. ಚಿಕ್ಕಮ್ಮ ಒಳಗೆ ಮತ್ತೆ ಒಬ್ಬೊಬ್ಬರನ್ನೇ ಮಾತಾಡಿಸಿದ್ದಳು. ಈ ಸಲ ಯಾರೂ ಎಲ್ಲೂ ಬಾಯಿ ಬಿಡಲಿಲ್ಲ. ಒಂದು ದಿನ ಮಧ್ಯಾಹ್ನದವರೆಗೆ ಗೇಟಿನ ಹತ್ತಿರವೇ ಇರು ಅಂತ ಚಿಕ್ಕಮ್ಮ ಜಯಕ್ಕನಿಗೆ ಹೇಳಿದ್ದಳು, ಯಾಕೆ ಅಂತ ಹೇಳಿರಲಿಲ್ಲ. ಜಯಕ್ಕ ಹೊಂಗೆ ಮರದ ಕೆಳಗೆ ಕೂತು, ತಂದಿದ್ದ ಮುದ್ದೆ ತಿಂದು, ಕೈ ತೊಳೆಯುತ್ತಿದ್ದಳಂತೆ. ಊಟದ ಬಿಡುವು ಮುಗಿದ ಸೈರನ್ ಆಯಿತು. ಸೈರನ್ ಆದ ಮೇಲೆ ಯಾವಾಗಲೂ ಗೋಡೆಯಾಚೆಯಿಂದ ಕೇಳಿಬರುತ್ತಿದ್ದ ಮೆಷಿನ್ನುಗಳ ಗುಂಯ್‌ಗುಟ್ಟುವಿಕೆ ಅವತ್ತು ಬರಲಿಲ್ಲ. ಕರೆಂಟು ಹೋಗಿರಬೇಕು ಅಂದುಕೊಂಡಳಂತೆ. ಆದರೆ ರಸ್ತೆಯಾಚೆಯ ಅಂಗಡಿಯಲ್ಲಿ ರೇಡಿಯೋ ಹಾಡುತ್ತಲೇ ಇತ್ತು.

ಜಯಕ್ಕ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ರಸ್ತೆ ದಾಟಿ ಗೇಟಿನ ಕಂಬಿ ಹಿಡಿದು ನಿಂತಳು. ಒಳಗೆ ಹೆಂಗಸರೆಲ್ಲ ಕೈಕಟ್ಟಿ ಕೂತು, ತನ್ನನ್ನೂ ರುಕ್ಮಿಣಿಯನ್ನೂ ವಾಪಸ್ ತೆಗೆದುಕೊಳ್ಳಿ ಅಂತ ಕೇಳುತ್ತಿದ್ದಾರೆ ಎಂದು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಗೇಟು ತೆರೆದು ಅವಳನ್ನು ಕರೆಯುವವರೆಗೂ ಆ ನಿಶ್ಶಬ್ದವನ್ನು ಕೇಳುತ್ತಾ ಅಲ್ಲೇ ನಿಂತಿದ್ದಳು.